ತಾತನ ಫ್ಯಾನು

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಬೀದಿಗೆ ಹೋದರೆ, ಬೆಂದ ಗೂಡಿನ ವಾಸನೆಗೆ ಇಂದಿಗೂ ನನಗೆ ಅವ್ವನ ಒದ್ದೆ ಸೆರಗು ನೆನಪಾಗುತ್ತದೆ.

ಆ ಮಧ್ಯಾಹ್ನ ನೂಲಿನ ಕೆಲಸ ಮುಗಿಸಿ ಬಂದ ಅವ್ವ, ಕರೆಂಟ್ ಬಿಲ್ಲು ಹಿಡಿದು ಮೀಟರಿನ ಮುಂದೆ ನಿಂತಳು. ಅವಳು ಹೇಳಿದಂತೆ ನಾನು ಒಂದೊಂದೇ ಸ್ವಿಚ್ ಆರಿಸುತ್ತ ಬಂದೆ. ಮೀಟರಿನ ಕೆಂಪು ದೀಪ ಮಿಣುಕುವುದು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ಹಾಸಿಗೆ ಹಿಡಿದಿದ್ದ ತಾತನ ಫ್ಯಾನು ಮಾತ್ರ ಉಳಿದಿತ್ತು.

“ಹಗ್ಲೂ ರಾತ್ರಿ ಓಡ್ತದಲ್ಲ, ಅದ್ಕೇ ಇಷ್ಟೊಂದು ಬಂದೈತೆ,” ಎಂದು ಅವ್ವ ಗೊಣಗಿದಳು.

ಒಳಗಿನಿಂದ ತಾತ ನನ್ನನ್ನು ಕೂಗಿದ. “ಫ್ಯಾನ್ ಆರ್ಸವ್ವ, ಒಸಿ ಚಳಿ ಆಯ್ತದೆ.”

ನಾನು ಆರಿಸಿದೆ. ಅವ್ವ ಬಂದು ಅವನ ಹಣೆ ಮುಟ್ಟಿ ನೋಡಿದಳು. ಕೈಗೆ ಬೆವರು ಹತ್ತಿತು.

“ಸುಮ್ಕೆ ಮನಿಕ್ಕೊಳ್ಳಿ ಮಾವ,” ಎಂದು ಮತ್ತೆ ಫ್ಯಾನು ಹಾಕಿ, ಮಂಚದ ಪಕ್ಕ ನೆಲದ ಮೇಲೆ ಕುಳಿತಳು. ನಾನು ಊಟಕ್ಕೆ ಕರೆಯುವಷ್ಟರಲ್ಲಿ ತಾತನ ಕಾಲ ಬಳಿ ತಲೆಯಿಟ್ಟು ನಿದ್ದೆಹೋಗಿದ್ದಳು.