ಹಿತ್ತಲ ಬಾಗಿಲ ಚಿಲಕ

ವೃಷಭೇಂದ್ರಪ್ಪ ಆ ಪೋಸ್ಟರನ್ನು ಮೂರನೆಯ ಸಲ ಓದಿದ. ಮೆಜೆಸ್ಟಿಕ್‌ನ ಆ ಗೋಡೆಯ ಮೇಲೆ ಹತ್ತು ಚಿತ್ರಗಳ ನಾಯಕಿಯರು ಸಾಲಾಗಿ ನಗುತ್ತಿದ್ದರು. ಇದರಲ್ಲಿ ಮಾತ್ರ ಮುಖವೇ ಇರಲಿಲ್ಲ. ಅರೆ ತೆರೆದ ಬಾಗಿಲೊಂದರ ಚಿತ್ರ, ಅದರಡಿ ಒಂದೇ ಸಾಲು: "ಗಿಣಿ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿಲ್ಲ." ನಟರ ಹೆಸರಿಲ್ಲ, ನಿರ್ಮಾಪಕನ ಹೆಸರಿಲ್ಲ. ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚುಕೂಟದ ಹೆಸರಷ್ಟೇ ಇತ್ತು.

ಇಂಥ ಜಾಹೀರಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. ಚಿತ್ರ ಹಂಚಿಕೆಯ ವ್ಯಾಪಾರಕ್ಕೆ ಇಳಿದು ಹನ್ನೆರಡು ವರ್ಷವಾಗಿತ್ತು. ಆ ವರ್ಷ, ೧೯೫೪ರಲ್ಲಿ, ಅವನು ತಂದ ಮೂರು ಚಿತ್ರಗಳೂ ಎರಡನೆಯ ವಾರ ಕಾಣಲಿಲ್ಲ. ನಾಲ್ಕನೆಯದೂ ಮಲಗಿದರೆ ಆಫೀಸಿಗೆ ಬೀಗವೇ ಗತಿ. ಈ ಚಿತ್ರ ಯಾರದಾದರೂ ಆಗಲಿ, ಅದು ಅವನಿಗೆ ಬೇಕಿತ್ತು.

ಅಚ್ಚುಕೂಟ ಅವೆನ್ಯೂ ರಸ್ತೆಯಲ್ಲಿತ್ತು. ಮಾಲೀಕ ಶಂಭುಲಿಂಗಪ್ಪ ಊರಿಗೆ ಬರುವ ಅರ್ಧ ಚಿತ್ರಗಳಿಗೆ ಪೋಸ್ಟರು ಹೊಡೆದುಕೊಡುವವನು. ಇದು ಯಾರ ಕೆಲಸ ಎಂದು ಕೇಳಿದರೆ ತನ್ನದೇ ಎಂದ. ಕಂಡವರ ಚಿತ್ರಕ್ಕೆ ಕಾಗದ ಹೊಡೆದೂ ಹೊಡೆದೂ ಕೊನೆಗೆ ಇವನಿಗೂ ಸಿನಿಮಾ ಹುಚ್ಚು ಹಿಡಿಯಿತೇ ಎಂದು ವೃಷಭೇಂದ್ರಪ್ಪ ಒಳಗೊಳಗೇ ನಕ್ಕ. ಆದರೆ ಎರಡು ಯಂತ್ರಗಳಿದ್ದ ಕಡೆ ಒಂದೇ ಉಳಿದಿತ್ತು. ಇನ್ನೊಂದನ್ನು ಮಾರಿ ಪೋಸ್ಟರಿಗೇ ಸುರಿದಿದ್ದನಂತೆ. ಹುಬ್ಬಳ್ಳಿ, ಬಳ್ಳಾರಿ, ಸೊಲ್ಲಾಪುರ, ಯಾವ ರೈಲ್ವೆ ಸ್ಟೇಷನ್ನನ್ನೂ ಬಿಟ್ಟಿರಲಿಲ್ಲ. ಅಲ್ಲಿ ಯಾವ ಥಿಯೇಟರು ಎಂದರೆ, ಅದನ್ನು ವಿಚಾರಿಸಿಲ್ಲ ಎಂದ.

"ಹೀರೋ ಯಾರು ಸ್ವಾಮಿ?"

"ಹುಡುಗ ಯಾರು ಅಂತ ನನಗೂ ಸರಿಯಾಗಿ ಗೊತ್ತಿಲ್ಲ."

"ಹೋಗ್ಲಿ, ಬಿಡುಗಡೆ ಯಾವಾಗ?"

"ಅವಳು ಬರ್ಲಿ. ಆಮೇಲೆ ಮಿಕ್ಕಿದ್ದು."

ನಾಯಕಿಯ ಕಾಲ್‌ಶೀಟ್ ತಕರಾರು ಎಂದು ವೃಷಭೇಂದ್ರಪ್ಪನಿಗೆ ಥಟ್ಟನೆ ಅರ್ಥವಾಯಿತು. ತಕರಾರು ಇರುವ ಕಡೆ ದುಡ್ಡಿನ ಅಡಚಣೆಯೂ ಇರುತ್ತದೆ. ಅವನು ಅದೇ ಸಂಜೆ ಹತ್ತು ಸಾವಿರ ರೂಪಾಯಿ ಚೀಲದಲ್ಲಿ ಹಾಕಿಕೊಂಡು ಚಾಮರಾಜಪೇಟೆಯ ಮನೆಗೇ ಹೋದ.

ಆ ಮನೆಯಲ್ಲಿ ಕೂತಷ್ಟು ಹೊತ್ತೂ ಅವನಿಗೆ ಸಂಕಟವಾಯಿತು. ಹೆಂಡತಿ ಸತ್ತು ಎಷ್ಟೋ ವರ್ಷವಾಗಿದ್ದ ಶಂಭುಲಿಂಗಪ್ಪ ತಾನೇ ಕಾಫಿ ಮಾಡಿ ತಂದ. ಗೋಡೆಯ ಗಡಿಯಾರಕ್ಕೆ ಕೀ ಕೊಟ್ಟಿರಲಿಲ್ಲ. ಬೀದಿಯ ಸದ್ದು ಬಿಟ್ಟರೆ ಮನೆಯೊಳಗೆ ಸದ್ದೇ ಇಲ್ಲ. ಹಿತ್ತಲ ಕಡೆಯಿಂದ ಏನೋ ಸರಿದ ಹಾಗಾಯಿತು. ಶಂಭುಲಿಂಗಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಅರ್ಧ ಎದ್ದ. ಬಂದದ್ದು ಬೆಕ್ಕು. ಅದನ್ನು ಓಡಿಸದೆ ಮತ್ತೆ ಕೂತ.

ಮನೆಯಲ್ಲಿ ಒಬ್ಬರೇ ಏನು ಎಂದು ವೃಷಭೇಂದ್ರಪ್ಪ ಉಪಚಾರಕ್ಕೆ ಕೇಳಿದ. "ಮಗಳಿದಾಳೆ, ಗಿರಿಜಾಂಬಾ. ದಾವಣಗೆರೇಲಿ ಸೋದರತ್ತೆ ಮನೇಲಿದಾಳೆ." ಎಷ್ಟೋ ಜನರಿಗೆ ಹೇಳಿ ಹೇಳಿ ಸವೆದ ಉತ್ತರದ ಹಾಗಿತ್ತು ಅದು.

ಚೀಲ ಮುಂದೆ ಸರಿಸಿದರೆ ಶಂಭುಲಿಂಗಪ್ಪ ಅದನ್ನು ಮುಟ್ಟಲೂ ಇಲ್ಲ. "ಇದು ದುಡ್ಡಿಗೆ ಕೊಡೋದಲ್ಲ, ವೃಷಭೇಂದ್ರಪ್ಪನೋರೆ. ಕಾಫಿ ಕುಡೀರಿ."

ಹತ್ತು ಸಾವಿರ ಬೇಡ ಎನ್ನುವವನಿಗೆ ಇನ್ಯಾರೋ ಹದಿನೈದು ಹೇಳಿರಬೇಕು. ವೃಷಭೇಂದ್ರಪ್ಪನಿಗೆ ನಿದ್ದೆ ಬರಲಿಲ್ಲ. ಬೆಳಗಾಗುವ ಹೊತ್ತಿಗೆ ಉಪಾಯ ಹೊಳೆಯಿತು.

ಊರೂರಿನಲ್ಲಿ ಪೋಸ್ಟರಿನ ತುದಿಗೆ ಒಂದು ಚೀಟಿ ಅಂಟಿಸುವುದು ಈ ವ್ಯಾಪಾರದ ಪದ್ಧತಿ. ಯಾವ ಥಿಯೇಟರು, ಯಾರ ಹಂಚಿಕೆ ಎಂದು ಅದರಲ್ಲಿರುತ್ತದೆ. ಚೀಟಿಯಲ್ಲಿ ಯಾರ ಹೆಸರಿದೆಯೋ ಚಿತ್ರ ಅವರ ಕೈಯಲ್ಲಿದೆ ಎಂದೇ ಥಿಯೇಟರಿನವರು ನಂಬುತ್ತಾರೆ. ಬೇರೆ ಅಚ್ಚುಕೂಟದಲ್ಲಿ ಐದು ಸಾವಿರ ಚೀಟಿ ಹೊಡೆಸಿದ: "ಅತಿ ಶೀಘ್ರದಲ್ಲಿ ಬೆಳ್ಳಿತೆರೆಯ ಮೇಲೆ! ವೃಷಭೇಂದ್ರ ಪಿಕ್ಚರ್ಸ್, ಮೆಜೆಸ್ಟಿಕ್, ಬೆಂಗಳೂರು." ಶಂಭುಲಿಂಗಪ್ಪನ ಕಣ್ಣಿಗೆ ಬೀಳಬಾರದೆಂದು ಬೆಂಗಳೂರೊಂದನ್ನು ಬಿಟ್ಟ. ಚಿತ್ರಗಳ ಪೆಟ್ಟಿಗೆ ಒಯ್ಯುವ ಏಜೆಂಟರು ಒಂದೇ ವಾರದಲ್ಲಿ ಮಿಕ್ಕ ಎಲ್ಲ ಊರುಗಳಲ್ಲೂ ಅಂಟಿಸಿ ಮುಗಿಸಿದರು.

ಮೋಸ ಎಂದು ಅವನಿಗೆ ಅನ್ನಿಸಲಿಲ್ಲ. ಒಂಟಿ ಮನುಷ್ಯ, ಯಂತ್ರ ಮಾರಿಕೊಂಡಿದ್ದಾನೆ. ಚಿತ್ರ ಓಡಿದರೆ ಇಬ್ಬರೂ ಉಳಿಯುತ್ತೇವೆ ಎಂದುಕೊಂಡ.

ಲೆಕ್ಕಾಚಾರ ಸುಳ್ಳಾಗಲಿಲ್ಲ. ಹನ್ನೊಂದು ಥಿಯೇಟರುಗಳಿಂದ ಪತ್ರ ಬಂತು. ಬಳ್ಳಾರಿಯವರಂತೂ ಮುಂಗಡ ಎಷ್ಟು ಕಳಿಸಬೇಕೆಂದು ಕೇಳಿದ್ದರು. ಇವನ್ನೆಲ್ಲ ಶಂಭುಲಿಂಗಪ್ಪನ ಮುಂದೆ ಹರಡಿದರೆ ಅವನು ಇವತ್ತಾದರೂ ನಗುತ್ತಾನೆ ಎಂದು ವೃಷಭೇಂದ್ರಪ್ಪ ಪತ್ರಗಳನ್ನು ಕಟ್ಟು ಕಟ್ಟಿದ. ಕೋಟು ಹಾಕಿಕೊಳ್ಳುವಾಗ ಮೇಜಿನ ಮೇಲೆ ಒಂದು ಪೋಸ್ಟ್‌ಕಾರ್ಡು ಉಳಿದಿರುವುದು ಕಂಡಿತು. ದುಂಡಗಿನ ಅಕ್ಷರ. ಬರೆದವರ ವಿಳಾಸವಿರಲಿಲ್ಲ. ಯಾರೋ ಪ್ರೇಕ್ಷಕರು ಇರಬೇಕೆಂದು ನಿಂತುಕೊಂಡೇ ಓದತೊಡಗಿದ.

"ವೃಷಭೇಂದ್ರ ಪಿಕ್ಚರ್ಸ್‌ನವರಿಗೆ ನಮಸ್ಕಾರ. ನಿಮ್ಮ ಪೋಸ್ಟರನ್ನು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೋಡಿದೆ. ನನ್ನನ್ನು ಗಿಣಿ ಎಂದು ಕರೆಯುವವರು ನಮ್ಮ ತಂದೆ ಒಬ್ಬರೇ. ನಾನು ಮನೆ ಬಿಟ್ಟು ಬಂದದ್ದೂ ಹಿತ್ತಲ ಬಾಗಿಲಿನಿಂದಲೇ. ತುದಿಯಲ್ಲಿ ಅವರ ಅಚ್ಚುಕೂಟದ ಹೆಸರು ಕಂಡು, ನನ್ನನ್ನೇ ಕರೆಯುತ್ತಿದ್ದಾರೆ ಎಂದುಕೊಂಡು ಬೆಂಗಳೂರಿಗೆ ಟಿಕೆಟ್ ಕೊಂಡಿದ್ದೆ. ಮರುದಿನ ರೈಲು ಹತ್ತಲು ಬಂದಾಗ ನಿಮ್ಮವರು ಅದರ ಮೇಲೆ ಚೀಟಿ ಅಂಟಿಸುತ್ತಿದ್ದರು. ಅಪ್ಪ ಎಲ್ಲರ ಚಿತ್ರಕ್ಕೂ ಪೋಸ್ಟರು ಹೊಡೆಯುತ್ತಾರೆ, ಇದೂ ಅಂಥದೇ ಒಂದು ಎಂದು ಆಗ ತಿಳಿಯಿತು. ಟಿಕೆಟ್ ವಾಪಸು ಕೊಟ್ಟೆ. ನಾಳೆ ದೂರದ ಊರಿಗೆ ಹೊರಟಿದ್ದೇನೆ. ಚಿತ್ರ ಅಲ್ಲಿಗೂ ಬಂದರೆ ತಪ್ಪದೆ ನೋಡುತ್ತೇನೆ. ಆ ಹುಡುಗಿ ಕೊನೆಗೆ ಮನೆಗೆ ಹೋಗುತ್ತಾಳೋ ಇಲ್ಲವೋ ತಿಳಿಯಬೇಕು. ಇತಿ, ಗಿರಿಜಾಂಬಾ."