ತಂತಿ ತೆಗೆದ ದಿನ

ಡಾಕ್ಟರ್ ರೌಧಾ ಇಕ್ಕಳದಿಂದ ಎರಡನೇ ತಂತಿಯನ್ನೂ ಎಳೆದು ಟ್ರೇಗೆ ಹಾಕಿದಾಗ ಏಳು ವರ್ಷದ ಘಾಲಿಯಾ ಅಳಲಿಲ್ಲ, ಕತ್ತು ಚಾಚಿ ನೋಡಿದಳು.

“ಇದು ಇಷ್ಟು ದಿನ ನನ್ನ ಮೂಳೆ ಒಳಗೇ ಇತ್ತಾ ಡಾಕ್ಟ್ರೇ?”

“ಹ್ಞೂಂ ಕಣೇ. ಮುರಿದ ಮೂಳೆ ಅಲ್ಲಾಡದ ಹಾಗೆ ಹಿಡ್ಕೊಂಡಿತ್ತು.”

“ಮತ್ತೆ ತುಕ್ಕು ಹಿಡಿಯಲ್ವಾ?”

“ಸುಮ್ನಿರೇ ಬಾಯಿಬಡುಕಿ,” ಎಂದ ಅಪ್ಪ ಮುಖ್ತಾರ್. ಅವನ ಚಿಂತೆಯೇ ಬೇರೆ. ಐದು ವಾರದ ಹಿಂದೆ, ಸ್ಫಾಕ್ಸ್ ಊರಾಚೆಯ ತೋಟದಲ್ಲಿ ಆಲಿವ್ ಮರದಿಂದ ಬಿದ್ದ ಮಗಳಿಗೆ ಮೊಣಕೈ ಮೇಲಿನ ಮೂಳೆ ಮುರಿದು, ಪಕ್ಕದ ನರವೂ ಜಜ್ಜಿತ್ತು. ಆಪರೇಷನ್ ಆಗಿ ಮೂಳೆ ಕೂಡಿತು. ತೋರುಬೆರಳ ತುದಿ ಮಾತ್ರ ಬಾಗಲಿಲ್ಲ. “ನರ ತಾನಾಗೇ ಚೇತರಿಸ್ಕೋಬೇಕು, ಕಾಯೋಣ,” ಎಂದಷ್ಟೇ ರೌಧಾ ಹೇಳಿದ್ದರು.

“ಈಗಲಾದ್ರೂ ಆ ಬೆರಳು...” ಎಂದು ಅವನು ಕೇಳುವಷ್ಟರಲ್ಲಿ ಘಾಲಿಯಾ ಟ್ರೇಗೆ ಕೈ ಹಾಕಿದ್ದಳು. ಗದರಲು ಬಾಯಿ ತೆರೆದ ರೌಧಾ ಅವಳ ಕೈಯತ್ತ ಬಗ್ಗಿದರು. ಹುಡುಗಿ ಪೆಟ್ಟಾದ ಕೈಯಿಂದಲೇ ಆ ಸಣ್ಣ ತಂತಿಯನ್ನು ಎರಡು ಬೆರಳುಗಳ ನಡುವೆ ಚಿವುಟಿ ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದಳು.

“ಮಾತಾಡಿಸ್ಬೇಡಿ,” ಎಂದರು ರೌಧಾ ಮೆಲ್ಲಗೆ. “ಅವಳ ಕೈ ನೋಡಿ, ಮುಖ್ತಾರ್.”

ತೋರುಬೆರಳ ತುದಿ ಬಾಗಿತ್ತು.