ಹೋದವರು

ವಾಮದೇವನ ಅಪ್ಪ ಐಸಿಯು ಒಳಗಿದ್ದರು. ಹೊರಗೆ ಬೆಂಚಿನ ಮೇಲೆ ಅವನು ಬೆಳಗಿನಿಂದ ಮೊಬೈಲಿನಲ್ಲಿ ಮತ ಎಣಿಕೆ ನೋಡುತ್ತ ಕೂತಿದ್ದ. ಯಾರು ಸೋತರೂ ಅವನ ಬಾಯಲ್ಲಿ ಒಂದೇ ಮಾತು: "ಹೋದ್ರು!" ಪಕ್ಕದಲ್ಲಿದ್ದ ಹೆಂಡತಿ ನಾಗವೇಣಿಗೆ ತಾನು ಯಾವ ಗುರುತಿಗೆ ಒತ್ತಿದ್ದೆ ಎಂಬುದೇ ಮರೆತುಹೋಗಿತ್ತು.

"ಮಾವನವ್ರನ್ನ ಒಂದ್ಸಲ ನೋಡ್ಕೊಂಡು ಬನ್ರೀ."

"ಇದೊಂದು ರೌಂಡ್ ಮುಗೀಲಿ, ತಡಿಯೇ."

ಹನ್ನೊಂದನೇ ಸುತ್ತಿನ ಹೊತ್ತಿಗೆ ನರ್ಸ್ ಕರೆದಳು. ನಾಗವೇಣಿಯೇ ಎದ್ದು ಒಳಗೆ ಹೋದಳು. ಮಾವನ ಉಗುರಿನ ಮೇಲೆ ಮತದಾನದ ಶಾಯಿ ಇನ್ನೂ ಮಾಸಿರಲಿಲ್ಲ. ಅವರ ಮುಖದ ಮೇಲೆ ನರ್ಸ್ ಹೊದಿಕೆ ಎಳೆದಳು. ನಾಗವೇಣಿಗೆ ಅಳು ಬರಲಿಲ್ಲ. ಹೊರಗೆ ಬಂದು ಗಂಡನ ಎದುರು ನಿಂತಳು.

"ಹೋದ್ರು ಕಣ್ರೀ."

ಅವನು ತಲೆಯೆತ್ತಲಿಲ್ಲ. "ನಮ್ಮೋರಾ?"

"ಹ್ಞೂಂ, ನಮ್ಮೋರೇ."

"ಎಷ್ಟು ವೋಟಲ್ಲಿ?"